ಪೇಢೆ ಹಿಡಿದು ಕಲ್ಯಾಣಕ್ಕೆ ಹೋದದ್ದು

ಹುಬ್ಬಳ್ಳಿಯಿಂದ ಸಂಜೆಯ ಬಸ್ಸಿಗೆ ಹೊರಟೆ. ಜತೆಗೆ ಒಂದು ಚೀಲ, ಒಂದು ಕಿಲೋ ಪೇಢೆ, ಯಾರಿಗಾದರೂ ಹೇಳಿಬಿಡೋಣವೆಂದು ಹೊಟ್ಟೆಯಲ್ಲಿ ಕುಣಿಯುತ್ತಿದ್ದ ಒಂದು ಸುದ್ದಿ. ನನ್ನ ತಮ್ಮ ಮಹಾದೇವ ಬಸವಕಲ್ಯಾಣದವನಾಗಿ ಬಹಳ ವರ್ಷವಾಯಿತು. ಮನೆಗಳ ನೆಲಕ್ಕೆ ಫರ್ಶಿ ಹಾಕುವ ಕೆಲಸಕ್ಕೆಂದು ಹೋದವನು ಅಲ್ಲಿಯ ರೇಣುಕಾಳನ್ನೇ ಮದುವೆಯಾಗಿ ನಿಂತುಬಿಟ್ಟ. ಕಳೆದ ವರ್ಷ ಅದೇ ಕೆಲಸಕ್ಕೆ ಇಸ್ರೇಲಿಗೆ ಹೋದ. ಗಾಜಾದಲ್ಲಿ ಯುದ್ಧ ನಡೆದಿದೆ, ಬೇಡವೋ ಎಂದೆ. "ಅದು ಆ ಕಡೆ ಅಕ್ಕಾ, ನಾ ಇರೂದು ಈ ಕಡೆ" ಎಂದು ನಕ್ಕ. ಆಮೇಲೆ ಅವನಿದ್ದ ಊರಿನ ಮೇಲೂ ಕ್ಷಿಪಣಿ ಬಿತ್ತೆಂದು ಟಿವಿ ಹೇಳಿತು. ಅಂದಿನಿಂದ ಅವನ ಫೋನು ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ.

ನನಗೆ ಮದುವೆಯಾಗಿಲ್ಲ, ಅಪ್ಪ ಅವ್ವ ಇಲ್ಲ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ, ಬಾಡಿಗೆ ಖೋಲಿಯಲ್ಲಿ ಇರುತ್ತೇನೆ. ನನ್ನವನು ಅಂತ ಇರುವವನು ತಮ್ಮನೊಬ್ಬನೇ. ಹೊರಟ ದಿನ ಮಧ್ಯಾಹ್ನ ರೇಣುಕಾ ಫೋನ್ ಮಾಡಿದಳು. ಲೈನು ಗರಗರ ಎನ್ನುತ್ತಿತ್ತು. "ಅಕ್ಕಾ, ಅವ್ರ ಫೋನ್ ಬಂದದ" ಎಂದು ಜೋರಾಗಿ ಅತ್ತಳು, ಅಷ್ಟರಲ್ಲಿ ಕಟ್ಟಾಯಿತು. ನಾವು ‘ಬಂದೈತಿ’ ಎನ್ನುವುದಕ್ಕೆ ಆ ಕಡೆಯವರು ‘ಬಂದದ’ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. ಮಹಾದೇವನ ನಂಬರಿಗೆ ನಾನೂ ಮಾಡಿದೆ. ರಿಂಗಾಗಲಿಲ್ಲ, ತಿಳಿಯದ ಭಾಷೆಯಲ್ಲಿ ರೆಕಾರ್ಡಿನ ದನಿಯೊಂದು ಏನೋ ಹೇಳಿತು. ಹೆಂಡತಿಯ ಜತೆ ಮಾತಾಡಿ ಚಾರ್ಜು ಮುಗಿದಿರಬೇಕು ಎಂದು ನಕ್ಕು, ಖೋಲಿಗೆ ಬೀಗ ಹಾಕಿದೆ. ದುಃಖವನ್ನು ಒಬ್ಬಳೇ ನುಂಗಿ ನನಗೆ ರೂಢಿಯಿದೆ. ಸಂತೋಷವನ್ನು ಒಬ್ಬಳೇ ಉಣ್ಣುವುದು ಮಾತ್ರ ಆಗಲಿಲ್ಲ.

ಬೆಳಗ್ಗೆ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಹುಮನಾಬಾದಿಗೆ ಬಂದಾಗ ತಣ್ಣನೆಯ ಗಾಳಿ ಬೀಸುತ್ತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸ್ಲಾ, ಮಿರ್ಚಿ ಭಜಿ ತಿಂದೆ. ಮೂಲೆಯ ಟಿವಿಯಲ್ಲಿ ಗಾಜಾದ ಹೊಗೆ. ಗೊಬ್ಬರದ ಅಂಗಡಿಯವನೆಂದು ಆಮೇಲೆ ತಿಳಿದ ಗಿರಾಕಿಯೊಬ್ಬ, "ಹೊಡದವ್ರಿಗಿ ತಿರುಗಿ ಹೊಡೀಬೇಕ್ರಿ. ಇಸ್ರೇಲ್ ಮಾಡಾಕತ್ತಿದ್ದು ಖರೇ ಅದ" ಎಂದ. ಚಹಾ ಸೋಸುತ್ತಿದ್ದ ಹೋಟೆಲಿನ ಖಾಜಾಮಿಯಾ ತಲೆಯೆತ್ತದೆ, "ಆ ಕೂಸುಗೋಳು ಯಾರಿಗಿ ಹೊಡದಿದ್ವು, ಸಾಹೇಬ್ರ?" ಎಂದರು. ಇಬ್ಬರೂ ದಿನಾ ಇದನ್ನೇ ಆಡುತ್ತಾರೇನೋ, ದನಿ ಏರಲಿಲ್ಲ.

ನನಗೆ ಬಾಯಿ ಹಿಡಿಯಲಾಗಲಿಲ್ಲ. ಪೇಢೆಯ ಡಬ್ಬಿ ಬಿಚ್ಚಿ, ನನ್ನ ತಮ್ಮ ಇಸ್ರೇಲಿನಲ್ಲಿದ್ದಾನೆ, ನಿನ್ನೆ ಫೋನ್ ಬಂತು, ತಗೊಳ್ಳಿ ಎಂದೆ. ಗೊಬ್ಬರದವನು ಎದ್ದು ಕೈಮುಗಿದ. "ಭಾರಿ ಧೈರ್ಯ ನಿಮ್ಮ ತಮ್ಮಂದು!" ತಮ್ಮ ಫರ್ಶಿ ಹಾಕುತ್ತಾನೆ, ಬಂದೂಕು ಹಿಡಿದಿಲ್ಲ ಎಂದರೂ ಕೇಳಲಿಲ್ಲ. ಖಾಜಾಮಿಯಾ ಪೇಢೆ ತೆಗೆದುಕೊಂಡು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. "ಒಂದು ಜೀವಾ ಉಳೀತಲ್ರಿ. ಅಲ್ಲಾ ಎಲ್ಲಾರ್ದೂ ಉಳಸ್ಲಿ" ಎಂದು ಬಾಯಿಗೆ ಹಾಕಿಕೊಂಡರು. "ಕಲ್ಯಾಣಕ್ಕ ಹೊಂಟ್ರಿ ಅಂದ್ರ ಜಲ್ದಿ ಹೋಗ್ರಿ. ಇವತ್ತು ಅಲ್ಲಿ ಮೋರ್ಚಾ ಅದ" ಎಂದೂ ಹೇಳಿದರು.

ಹುಮನಾಬಾದಿನಿಂದ ಕಲ್ಯಾಣಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಆಧಾರ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ಟಿಕೆಟು. ರಾಜೇಶ್ವರದ ಬಳಿ ರಸ್ತೆಯ ಅರ್ಧಕ್ಕೆ ಸೋಯಾ ಒಣಗಲು ಹರವಿದ್ದರು. ಡ್ರೈವರ್ ಬೈಯುತ್ತಲೇ ಅದನ್ನು ತುಳಿಯದ ಹಾಗೆ ಬಸ್ಸನ್ನು ಪಕ್ಕಕ್ಕೆಳೆದ. ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಒಂದು ಪೇಢೆ ಕೊಟ್ಟೆ. ಯಾಕೆಂದು ಕೇಳದೆ ತಿಂದು, ಇನ್ನೊಂದಕ್ಕೆ ಕೈ ಚಾಚಿದಳು.

ಊರ ಹೊರಗೇ ಬಸ್ಸು ನಿಂತಿತು. ಮೋರ್ಚಾದ ಮೆರವಣಿಗೆ ದಾಟುವವರೆಗೆ ಮುಂದೆ ಹೋಗುವುದಿಲ್ಲವೆಂದರು. ನಡೆದೆ. ಪೇಟೆಯಲ್ಲಿ ಅರ್ಧ ಅಂಗಡಿ ಮುಚ್ಚಿದ್ದವು. ಎದುರಿಗೆ ನೂರಾರು ಜನ. ಗಂಡಸರು ಮುಂದೆ, ಬುರ್ಖಾದ ಹೆಂಗಸರು ಹಿಂದೆ, ಅವರೊಳಗೆ ಕೆಲವು ನೀಲಿ ಶಾಲಿನವರು. "ಜಂಗ್ ಬಂದ್ ಕರೋ!" ಎಂದು ಕೂಗು. ಒಬ್ಬ ಹುಡುಗಿಯ ರಟ್ಟಿನ ಮೇಲೆ ‘ಯುದ್ದ ನಿಲ್ಲಿಸಿ’ ಎಂದಿತ್ತು, ಧಕಾರದ ಜಾಗದಲ್ಲಿ ದಕಾರ. ಕೆಂಪು ಪೆನ್ನಿಗಾಗಿ ಕೈ ಚೀಲಕ್ಕೆ ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಪಕ್ಕದ ರಟ್ಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ಮಗುವಿನ ಚಿತ್ರ. ಅದನ್ನು ಹಿಡಿದ ಹೆಂಗಸು ಸರಿದು ನನಗೆ ಜಾಗ ಕೊಟ್ಟಳು. ಅವಳ ಜತೆ ಒಂದಷ್ಟು ದೂರ ನಡೆದೆ. ಒಂದು ಸಲ ಕೂಗಿದೆ ಕೂಡ. ನನ್ನ ತಮ್ಮ ಯಾವ ದೇಶದಲ್ಲಿದ್ದಾನೆಂದು ಅವಳಿಗೆ ಹೇಳಲಿಲ್ಲ. ನನ್ನವನು ಉಳಿದಿದ್ದಾನೆಂಬ ಧೈರ್ಯ ಇಲ್ಲದಿದ್ದರೆ ಆ ಮಗುವಿನ ಮುಖವನ್ನು ಅಷ್ಟು ಹೊತ್ತು ನೋಡುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.

ರೇಣುಕಾಳ ಮನೆ ತ್ರಿಪುರಾಂತದ ಕಡೆ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ತೆರೆದವಳು ನನ್ನನ್ನು ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು. ಮುಖ ಬೆಳಗಿತು. ನನ್ನೆರಡೂ ತೋಳು ಹಿಡಿದು ಅಲ್ಲಾಡಿಸುತ್ತ ಕೇಳಿದಳು:

"ನಿಮಗ ಬಂತೇನ್ರಿ ಫೋನು? ಏನಂದ್ರು? ಎಲ್ಲಿ ಅದಾರಂತ?"

"ನನಗೆಲ್ಲಿ ಬಂತು? ನಿನಗ ಬಂದದ ಅಂತ ನೀನ ಹೇಳಿದೆಲ್ಲ" ಎಂದೆ.

ಅವಳ ಕೈ ಸಡಿಲಾಯಿತು. "ಬಂದದ ಅಂದಿಲ್ರಿ. ಬಂದ್ ಅದ ಅಂದೆ. ಮೊದ್ಲ ರಿಂಗರೆ ಆಗ್ತಿತ್ತು. ನಿನ್ನಿಯಿಂದ ಅದೂ ಇಲ್ಲ. ಬಂದ್ ಅದ."

ನಡುವೆ ಇದ್ದದ್ದು ಒಂದು ಹಲಂತ, ‘ದ’ವನ್ನು ‘ದ್’ ಮಾಡುವ ಗುರುತು. ಹೊಟ್ಟೆಪಾಡಿಗೆ ದಿನವೂ ಅದನ್ನೇ ತಿದ್ದುವವಳು ನಾನು. ಆ ಕಡೆಯ ಮಾತು ಬರುತ್ತದೆಂಬ ಜಂಬವಿಲ್ಲದಿದ್ದರೆ ಇನ್ನೊಮ್ಮೆ ಕೇಳುತ್ತಿದ್ದೆ, ಅಲ್ಪವಿದ್ಯಾ ಮಹಾಗರ್ವಿ. ಅವಳು ನನ್ನ ಡಬ್ಬಿಯನ್ನು ನಂಬಿದಳು, ನಾನು ಅವಳ ಅಳುವನ್ನು ನಂಬಿದ್ದೆ. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತೇ ಅತ್ತೆವು.

ಮಧ್ಯಾಹ್ನ ರೊಟ್ಟಿ ಮಾಡಿದಳು. ಇಬ್ಬರೂ ಅರ್ಧಕ್ಕೇ ಎದ್ದೆವು. ಇಸ್ರೇಲಿಗೆ ಹೋದವರ ಸುದ್ದಿ ಕೇಳಲು ಸರ್ಕಾರ ಕೊಟ್ಟಿದ್ದ ನಂಬರಿಗೆ ಮತ್ತೆ ಫೋನ್ ಮಾಡಿದೆವು, ವಿಚಾರಿಸುತ್ತೇವೆ ಎಂದರು. ಬಾಗಿಲಿಗೆ ಯಾಕೆ ಅಗುಳಿ ಎಂದು ಕೇಳಿದೆ.

"ಒಂದು ಕಡಿಯವ್ರು ಮಾತು ಬಿಟ್ಟಾರ್ರಿ, ಕೂಸುಗೋಳಿಗಿ ಕೊಲ್ಲೋ ದೇಶಕ್ಕ ದುಡಿಯಾಕ ಹೋಗ್ಯಾನ ಅಂತ. ಇನ್ನೊಂದು ಕಡಿಯವ್ರು ಶಾಲು ಹೊಚ್ಚಿ ವಿಡಿಯೋ ಮಾಡ್ತೀವಿ ಅಂತ ಬರಾಕತ್ತಾರ. ಅವ್ರು ಫರ್ಶಿ ಹಾಕಾಕ ಹೋಗ್ಯಾರ್ರಿ ಅಕ್ಕಾ. ಊಟಾ ಮಾಡ್ದಿ ಏನು ಅಂತ ಕೇಳೋರು ಒಬ್ರೂ ಇಲ್ಲ."

ನನಗೆ ಗೊಬ್ಬರದವನ ಮುಗಿದ ಕೈ ನೆನಪಾಯಿತು. ಮೋರ್ಚಾದಲ್ಲಿ ನಾನು ನುಂಗಿದ ಮಾತೂ ನೆನಪಾಯಿತು.

ಮರುದಿನ ಬೆಳಗ್ಗೆ ನನ್ನ ಜತೆ ಹುಬ್ಬಳ್ಳಿಗೆ ಬಾ ಎಂದೆ. ಒಲ್ಲೆನೆಂದಳು. ಮಹಾದೇವ ಹೇಗಾದರೂ ಬಂದನೆಂದರೆ ಮನೆಗೆ ಬೀಗವಿರಬಾರದಂತೆ. ನಿಲ್ದಾಣದವರೆಗೆ ಬಂದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಕಟ್ಟೆಯ ಮೇಲೆ ಕೂತವಳು ನೆಲ ನೋಡುತ್ತ ಕೇಳಿದಳು:

"ಮೊನ್ನಿ ಮಧ್ಯಾಹ್ನದಿಂದ ನಿನ್ನಿ ಮುಂಜಾನಿ ತನಕ ನಿಮಗ ಅವ್ರು ಬದುಕಿದ್ರಲ್ರಿ ಅಕ್ಕಾ. ಹ್ಯಾಂಗಿತ್ರಿ?"

ಹೇಳತೊಡಗಿದೆ. ಸಿಂದಗಿಯ ಹತ್ತಿರ ಬಸ್ಸು ನಿಂತಾಗ ಎಷ್ಟೋ ದಿನದ ಮೇಲೆ ಹಸಿವಾದದ್ದು, ಕಂಡಕ್ಟರನ ಜತೆ ಸುಮ್ಮಸುಮ್ಮನೆ ನಕ್ಕದ್ದು, ತಮ್ಮ ಬಂದರೆ ಮೊದಲು ಕಿವಿ ಹಿಂಡಬೇಕೆಂದುಕೊಂಡದ್ದು, ಜೇವರ್ಗಿ ದಾಟಿ ಬೆಳಕಾದಾಗ ಕಿಟಕಿಗೆ ತಲೆಯಿಟ್ಟು ಗಾಢ ನಿದ್ದೆ ಹೋದದ್ದು. ರೇಣುಕಾ ಕಣ್ಣು ಮುಚ್ಚಿ ಕೇಳಿದಳು. ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತೆ. ಅವಳು ಕೆಳಗೆ ನಿಂತು ಸರಳು ಹಿಡಿದುಕೊಂಡಳು.

"ನಿದ್ದಿ ಹತ್ತಿದ ಮ್ಯಾಲ ಏನಾತ್ರಿ? ಇನ್ನೂ ಹೇಳ್ರಿ" ಎಂದಳು.

ಕಂಡಕ್ಟರ್ ಸೀಟಿ ಊದಿದ. ಅವಳು ಸರಳು ಬಿಡದೆ ಬಸ್ಸಿನ ಜತೆ ನಾಲ್ಕು ಹೆಜ್ಜೆ ಬಂದಳು.