ತೊಗರಿ ಸಾಲಿನಲ್ಲಿ ಉಸಿರು

ನಮ್ಮ ಕಡೆ ಮೋಡ ಕಂಡರೆ ಜನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಮದುವೆಯಾಗಿ ತೆಲುಗು ಗಡಿಯ ಮಕ್ತಲ್ ಹತ್ತಿರದ ಈ ಊರಿಗೆ ಬಂದ ಮೊದಲ ವರ್ಷದಿಂದಲೇ ಹೀಗೆ. ಮುಂಗಾರಿನ ಮೊದಲಿಗೆ, ಮಿರಗದ ಮಳೆಗೆ ಮೋಡ ಕಟ್ಟಿತೆಂದರೆ ಮನಸ್ಸು ಕುಸಿಯುತ್ತಿತ್ತು; ನವರಾತ್ರಿಯ ಬಿಸಿಲು ಬೀಳುವವರೆಗೆ ಏಳುತ್ತಿರಲಿಲ್ಲ. ಉಂಡ ಅನ್ನಕ್ಕೆ ರುಚಿ ಇಲ್ಲ, ಯಾರಾದರೂ ಮಾತಾಡಿಸಿದರೆ ಅಳು. ಮಳೆಗಾಗಿ ಬೀರಪ್ಪನಿಗೆ ಹರಕೆ ಹೊರುವ ಮನೆಯಲ್ಲಿ ಮಳೆ ಬಂದರೆ ಅಳುವ ಸೊಸೆ! ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಹೇಳಿಕೊಳ್ಳದಿದ್ದರೂ ಬಿತ್ತನೆಯ ದಿನ ಎಲ್ಲ ಬಯಲಾಗುತ್ತಿತ್ತು. ನಮ್ಮಲ್ಲಿ ಎತ್ತು ಎಳೆಯುವ ಕೂರಿಗೆಯ ಹಿಂದೆ ಹಗ್ಗದಿಂದ ಒಂದು ಬಿದಿರಿನ ನಳಿಗೆ ಕಟ್ಟಿರುತ್ತಾರೆ. ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅದರೊಳಗೆ ತೊಗರಿ ಕಾಳು ಬಿಡುತ್ತ ನಡೆಯುವುದು ಮನೆಯ ಹೆಂಗಸಿನ ಕೆಲಸ. ಕೈ ನಿಂತರೆ ಸಾಲು ಖಾಲಿ, ಅವಸರ ಮಾಡಿದರೆ ಗುಂಪು. ಅಳುವ ಮುಖ ಬಿತ್ತುವ ಹೊಲಕ್ಕೆ ಬರಬಾರದು ಎನ್ನುವುದು ಅತ್ತೆಯ ಕಟ್ಟಪ್ಪಣೆ.

“ಬೀಜ ಅಂದ್ರ ತಾಯಿ ಐತಿ. ಕಣ್ಣೀರು ಹಾಕಿ ಮಣ್ಣಿಗೆ ಕಳಸ್ತಿಯೇನು? ಮನ್ಯಾಗಿರು,” ಎಂದು ನನ್ನ ಕೈಯಿಂದ ಬೀಜದ ಚೀಲ ಕಿತ್ತುಕೊಂಡು ತಾವೇ ಹೋಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ರೊಟ್ಟಿ ಬಡಿಯಲು ನಾನು ಬೇಕು, ಬೀಜಕ್ಕೆ ಬೇಡ. ಆ ಸಿಟ್ಟನ್ನು ಎಷ್ಟೋ ವರ್ಷ ರೊಟ್ಟಿಯ ಹಿಟ್ಟಿನ ಮೇಲೆ ತೀರಿಸಿಕೊಂಡೆ.

ಒಂದು ಬೇಸಿಗೆಯಲ್ಲಿ ಅತ್ತೆಯ ಮೊಣಕಾಲು ಪೂರ್ತಿ ಕೈಕೊಟ್ಟಿತು. “ಈ ಸಲ ನನ್ನ ಕೈಲಿ ಆಗಂಗಿಲ್ಲ. ಕೂಲ್ಯಾಕಿನ್ನ ಕರಸಪ್ಪಾ,” ಎಂದು ನನ್ನ ಗಂಡನಿಗೆ ಹೇಳಿದರು. ನಾನು ಅಲ್ಲೇ ಕೂತಿದ್ದೆ. ನಮ್ಮ ಹೊಲಕ್ಕೆ ಬೇರೆಯವಳು ಬೀಜ ಬಿಡಬೇಕು, ನಾನಿದ್ದೂ! ಮಾರನೆಯ ದಿನವೇ ನಾರಾಯಣಪೇಟೆಯ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, “ಬಿಸಿಲು ಕಡಿಮಿ ಆದ್ರ ಕೆಲವ್ರ ಮನಸು ಹಿಂಗ ಕುಗ್ಗತೈತಿ. ಇದು ಬ್ಯಾನಿರೀ, ನಿಮ್ಮ ತಪ್ಪಲ್ಲ,” ಎಂದರು. ಗುಳಿಗೆ ಬರೆದುಕೊಟ್ಟರು. ಅದರ ಜೊತೆಗೆ ಮಕ್ತಲ್‌ನಲ್ಲಿ ಉಸಿರಾಟ ಕಲಿಸುವ ಒಬ್ಬರಿದ್ದಾರೆ, ಹೋಗಿ ನೋಡಿ ಎಂದರು.

ಕಲಿಸುವವರು ಗದ್ವಾಲದಿಂದ ಬಸ್ಸಿಗೆ ಬರುತ್ತಿದ್ದ ನಿವೃತ್ತ ನರ್ಸಮ್ಮ. ಬರೀ ತೆಲುಗು. ಮಹಡಿ ಕೋಣೆಯಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿ, “ಊಪಿರಿ ಮೆಲ್ಲಗಾ ವದಲಮ್ಮಾ,” ಮೆಲ್ಲಗೆ ಉಸಿರು ಬಿಡಮ್ಮಾ, ಎನ್ನುತ್ತಿದ್ದರು. ನನಗೆ ಎಳೆದುಕೊಳ್ಳುವುದಷ್ಟೇ ಬರುತ್ತಿತ್ತು. ಬಿಡುವುದು ಬರಲು ಬೇಸಿಗೆ ಅರ್ಧ ಮುಗಿಯಿತು. ಆಮೇಲೆ ಬಾಯಿ ಮುಚ್ಚಿ ಜೇನಿನಂತೆ ಗುಂಯ್‌ಗುಟ್ಟುವುದು. ಮನೆಯಲ್ಲಿ ಮಾಡಿದರೆ ಗಂಡ ಮೇಲಿನ ತೊಲೆ ನೋಡಿ, “ಎಲ್ಲಿ ಹೆಜ್ಜೇನು ಕಟ್ಟೈತಿ?” ಎಂದು ಹುಡುಕುವವನಂತೆ ನಟಿಸುತ್ತಿದ್ದ.

ಕೊನೆಗೆ ಅಂಗೈ ತಿಕ್ಕಿ ಎದೆಯ ಮೇಲೆ ಇಟ್ಟುಕೊಳ್ಳಬೇಕು, ಪ್ರಾಣಶಕ್ತಿ ಹರಿಯುತ್ತದೆ ಎನ್ನುತ್ತಿದ್ದರು ನರ್ಸಮ್ಮ. ಪಕ್ಕದಾಕೆ ಕರೆಂಟು ಹರಿದಂಗಾತು ಎಂದಳು. ನನಗೆ ಅಂಥದ್ದೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ? ಅಂಗೈ ಬಿಸಿಯಾಗಿತ್ತು, ಅಷ್ಟೇ. ಆದರೆ ನನ್ನ ಕೈ ನನ್ನನ್ನು ಅಷ್ಟು ಮೆತ್ತಗೆ ಮುಟ್ಟಿದ್ದು ಅದೇ ಮೊದಲು. ಅಲ್ಲೇ ಕೂತು ಅತ್ತುಬಿಟ್ಟೆ.

ಈ ಶಕ್ತಿಯ ಸುದ್ದಿ ಅತ್ತೆಯ ಕಿವಿಗೂ ಬಿತ್ತು. ಮೈಲಾರಲಿಂಗನ ಭಂಡಾರ, ಗುಡಿಯ ಅರಿಸಿನ ಪುಡಿ, ತಂದು ನನ್ನ ಹಣೆಗೆ ಬಳಿದರು. “ಆ ಗದ್ವಾಲದಾಕಿ ಶಕ್ತಿ ಆಕೀದು, ನಮ್ಮದು ನಮಗ ಐತಿ. ಎರಡೂ ಇರ್ಲಿ,” ಎಂದರು.

ಮೋಡ ಬಂತು. ಕುಸಿತವೂ ಬಂತು. ಗುಳಿಗೆ, ಉಸಿರು, ಭಂಡಾರ ಯಾವುದೂ ಅದನ್ನು ಬಾಗಿಲಲ್ಲೇ ತಡೆಯಲಿಲ್ಲ. ಆದರೆ ಆ ವರ್ಷ ನಾನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಬೆಳಗ್ಗೆ ಎದ್ದು ಹೊಸ್ತಿಲ ಬಳಿ, ಇದ್ದಷ್ಟು ಬೆಳಕಿಗೆ ಕೂತು ಉಸಿರು ಬಿಡುತ್ತಿದ್ದೆ. ಹೊಲ ಹದಕ್ಕೆ ಬಂದ ದಿನ ಬೀಜದ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡೆ.

“ಅತ್ತಿ, ಕೂಲ್ಯಾಕಿ ಬ್ಯಾಡ್ರೀ. ನಾನು ಹೋಗ್ತೀನಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. “ಅಳಂಗಿಲ್ಲಲ್ಲ?”

“ಗೊತ್ತಿಲ್ರೀ,” ಎಂದೆ. ಅವರು ಕೋಲು ಊರಿಕೊಂಡು ಹಿಂದೆಯೇ ಬಂದು ಬದುವಿನ ಮೇಲೆ ಕೂತರು.

ಗಂಡ ಎತ್ತು ಹೊಡೆದ. ಉಸಿರು ಎಳೆದುಕೊಂಡಾಗ ಮುಷ್ಟಿ ತುಂಬಿಕೊಳ್ಳುವುದು, ಬಿಡುತ್ತ ಬಿಡುತ್ತ ಕಾಳು ಜಾರಿಸುವುದು. ಸಾಲಿನ ಮೇಲೆ ಸಾಲು ಹಾಗೇ ನಡೆಯಿತು. ನನಗೇ ನಂಬಿಕೆ ಬರಲಿಲ್ಲ. ನಡುಹೊಲದಲ್ಲಿ ಮೋಡ ಇನ್ನಷ್ಟು ಇಳಿದು ಕತ್ತಲಾಯಿತು. ಎದೆ ಬಿಗಿಯಿತು, ಉಸಿರು ತುಂಡಾಯಿತು, ಕಣ್ಣು ತುಂಬಿತು. ನಾನು ನಡೆಯುತ್ತಿದ್ದೆ, ಕೈ ಮಾತ್ರ ನಿಂತಿತ್ತು; ಖಾಲಿ ನಳಿಗೆ ಮಣ್ಣಿನಲ್ಲಿ ಹೋಗುತ್ತಿತ್ತು. ಗಂಡ ತಿರುಗಿ ನೋಡಿ ಎತ್ತು ನಿಲ್ಲಿಸಿದ. ನಾನು ಬದುವಿನ ಕಡೆ ನೋಡಿದೆ. ಮುಗಿಯಿತು, ಚೀಲ ಕಿತ್ತುಕೊಳ್ಳಲು ಬರುತ್ತಾರೆ ಅಂದುಕೊಂಡೆ.

ಅತ್ತೆ ಕೂತಲ್ಲಿಂದಲೇ ಕೂಗಿದರು. “ಅಳಾಕ ಬಂದ್ರ ಅಳು! ಕೈ ನಿಲ್ಲಸಬ್ಯಾಡ!”

ಗಂಡ ಬೆರಗಾಗಿ ತಾಯಿಯ ಕಡೆ ನೋಡಿದ. ನಾನು ಅಂಗೈಯನ್ನು ಎದೆಗೆ ಒತ್ತಿಕೊಂಡು, ಬಾಯಿ ಮುಚ್ಚಿ ಗುಂಯ್ ಎಂದು ಉಸಿರು ಬಿಟ್ಟೆ. ಎತ್ತುಗಳು ಮುಂದೆ ಹೋದವು. ಹೊಲ ಮುಗಿಯುವವರೆಗೆ ಅಳುತ್ತಲೇ ಬಿತ್ತಿದೆ.

ಮೊಳಕೆ ಎದ್ದ ಮೇಲೆ ಅತ್ತೆ ಹೊಲ ನೋಡಬೇಕೆಂದು ಹಟ ಹಿಡಿದರು. ಕೈ ಹಿಡಿದು ಕರೆದುಕೊಂಡು ಹೋದೆ. ಸಾಲುಗಳು ಸಮವಾಗಿದ್ದವು. ನಡುಹೊಲದಲ್ಲಿ ಮಾತ್ರ ಒಂದು ಸಾಲು ಸ್ವಲ್ಪ ದೂರದವರೆಗೆ ಬರಿ ಮಣ್ಣು. ಅತ್ತೆ ಅಲ್ಲಿ ನಿಂತರು. ನಾನು ತಲೆ ತಗ್ಗಿಸಿದೆ.

“ಇಲ್ಲಿ ನಿನಗ ಉಸಿರು ಸಿಗಲಿಲ್ಲೇನ ಯವ್ವಾ?”

“ಹೌದ್ರೀ ಅತ್ತಿ.”

ಅವರು ಸೆರಗಿನ ಗಂಟು ಬಿಚ್ಚಿದರು. ಒಳಗೆ ತೊಗರಿ ಕಾಳು. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದರು. ಬಗ್ಗಲಾರದ ಅವರು ನಿಂತೇ ಕೋಲಿನ ತುದಿಯಿಂದ ಕುಣಿ ಒತ್ತಿದರು, ನಾನು ಕೂತು ಕಾಳು ಹಾಕಿ ಮಣ್ಣು ಎಳೆದೆ. ತಲೆಯ ಮೇಲೆ ಮೋಡ ಹಾಗೇ ಇತ್ತು.

“ಬರೋ ವರ್ಷಾನೂ ನೀನ ಬಿತ್ತಬೇಕು,” ಎಂದರು ಅತ್ತೆ, ಮುಂದಿನ ಕುಣಿ ಒತ್ತುತ್ತ.