ಅಂಕಮ್ಮನ ಕಣ್ಣಿಲ್ಲದ ಮೊಲಗಳು

ಮಾದಿಹಳ್ಳಿಯ ಅಂಕಮ್ಮನ ಕೈಗೆ ಹಿಟ್ಟು ಸಿಕ್ಕರೆ ಅದು ಬರೀ ಹಿಟ್ಟಾಗಿ ಉಳಿಯುವುದಿಲ್ಲ. ರೊಟ್ಟಿ ತಟ್ಟಲು ಕೂತವಳು ಒಲೆ ಹತ್ತಿಕೊಳ್ಳುವಷ್ಟರಲ್ಲಿ ಒಂದು ಗುಬ್ಬಿಯನ್ನು ಮಾಡಿ ಒಲೆಕಟ್ಟೆಯ ಮೇಲೆ ಕೂರಿಸಿರುತ್ತಾಳೆ. ಬಾಣಾವರದ ಕಡೆಯ ತವರಿನಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಈಗ ಅರವತ್ತೊಂದು. ಸೀಮೆಹಸು ಎರಡು, ಗಂಡ ಜವರಣ್ಣ, ಮಗ ಲೋಕೇಶ್, ಸೊಸೆ ರಾಣಿ, ಮೊಮ್ಮಗಳು ದಿವ್ಯಶ್ರೀ, ಇಷ್ಟು ಅವಳ ಸಂಸಾರ.

ಅವಳ ಕೈಯನ್ನು ಹದಕ್ಕೆ ತಂದವಳು ಅತ್ತೆ ಗಿಡ್ಡಮ್ಮ. ಗೌರಿಹಬ್ಬಕ್ಕೆ ಆ ಮನೆಯಲ್ಲಿ ಅರಿಶಿನದ ಗೌರಿಯನ್ನು ಮನೆಯ ಹೆಂಗಸರೇ ತಿದ್ದಬೇಕು. ಮದುವೆಯಾಗಿ ಬಂದ ವರ್ಷ ಅಂಕಮ್ಮ ಜಗಲಿಯಲ್ಲಿ ಕೂತು ಗೌರಿ ಮಾಡಿದಳು. ಮೂಗು ತುಟಿ ಎಲ್ಲ ಚೆನ್ನಾಗಿ ಬಂತು. ಆ ಹುಮ್ಮಸ್ಸಿನಲ್ಲಿ ಕಾಡಿಗೆ ಅದ್ದಿ ಕಣ್ಣೂ ಬರೆದು ಒಳಕ್ಕೆ ಹೊತ್ತುಕೊಂಡು ಹೋದಳು. ಗಿಡ್ಡಮ್ಮ ಅದನ್ನು ನೀರಿಗೆ ಹಾಕಿ ಕರಗಿಸಿ, ಬೇರೆ ಅರಿಶಿನ ತಂದು ಮುಂದಿಟ್ಟಳು. ಕಣ್ಣು ತೆರೆದದ್ದು ತಾನು ಯಾರ ಮನೆಗೆ ಬಂದೆ ಎಂದು ನೋಡುತ್ತದೆ, ಅದನ್ನು ಅಲ್ಲಿಂದ ಇಲ್ಲಿಗೆ ಹೊಸಿಲು ದಾಟಿಸಬಾರದು, ಎಲ್ಲಿ ಇರಬೇಕೋ ಅಲ್ಲಿ ಕೂರಿಸಿದ ಮೇಲೆ ಆ ಮನೆಯವರೇ ಕಣ್ಣಿಡಬೇಕು, ಎಂದು ಆಮೇಲೆ ತಿಳಿಯಹೇಳಿದಳು. ಗಿಡ್ಡಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಆ ಕಟ್ಟುಪಾಡು ಮಾತ್ರ ಅಂಕಮ್ಮನ ಕೈಬೆರಳಲ್ಲಿ ಉಳಿದುಕೊಂಡಿತು.

ಬಿಸ್ಕತ್ತಿನ ಹುಚ್ಚು ಹತ್ತಿದ್ದು ಕೊರೊನಾ ಕಾಲದಲ್ಲಿ. ಅಂಗನವಾಡಿ ಮುಚ್ಚಿತ್ತು. ನಾಲ್ಕು ವರ್ಷದ ದಿವ್ಯಶ್ರೀ ಅಮ್ಮನ ಮೊಬೈಲಿನಲ್ಲಿ ಕರಡಿ ಬಿಸ್ಕತ್ತು, ಬೆಕ್ಕಿನ ಮುಖದ ನೂಡಲ್ಸು ನೋಡಿ, ಅದೇ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಅಂಗಡಿಗಳೂ ಮುಚ್ಚಿದ್ದವು. ಅಂಕಮ್ಮ ರಾಗಿಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಬೆರೆಸಿ, ಮನೆಯ ಬೆಣ್ಣೆ, ಬೆಲ್ಲದ ಪುಡಿ ಹಾಕಿ ನಾದಿ ಕರಡಿ ಮಾಡಿದಳು. ಹಳೆಯ ದಬರಿಯ ತಳಕ್ಕೆ ಮರಳು ಹಾಸಿ, ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸಿದಳು. ಮೊದಲ ಒಬ್ಬೆ ಇದ್ದಿಲಾಯಿತು. ಎರಡನೆಯದು ಹಸಿ. ಮೂರನೆಯದರ ವಾಸನೆಗೆ ಕೊಟ್ಟಿಗೆಯಲ್ಲಿದ್ದ ಜವರಣ್ಣನೇ ಎದ್ದು ಬಂದ. ನೂಡಲ್ಸಿನ ಬದಲಿಗೆ ಒತ್ತುಶಾವಿಗೆ. ಅಕ್ಕಿಹಿಟ್ಟಿನ ಕಡುಬು ಬೇಯಿಸಿ, ಶಾವಿಗೆ ಒರಳಿಗೆ ಹಾಕಿ ಒತ್ತಿ, ಆ ಬಿಳಿ ಎಳೆಗಳನ್ನು ಗುಪ್ಪೆ ಮಾಡಿದರೆ ಥೇಟು ಕುರಿಯ ತುಪ್ಪಟ. ಮುಂದಕ್ಕೆ ರಾಗಿಯ ಮುಖ ಒಂದನ್ನು ಸಿಕ್ಕಿಸಿ, ಸುತ್ತ ಕಾಯಿಹಾಲು ಸುರಿದರೆ ಹಾಲಿನ ಕೆರೆಯಲ್ಲಿ ನಿಂತ ಕುರಿ.

ಎಲ್ಲಕ್ಕೂ ಕಣ್ಣು ಮಾತ್ರ ಇಲ್ಲ. ಏಲಕ್ಕಿಯ ಕರಿಕಾಳು ಬಿಡಿಸಿ, ಒಂದು ತೊಟ್ಟು ಬೆಲ್ಲದ ಪಾಕದ ಜೊತೆ ಮಗುವಿನ ಮುಂದಿಡುತ್ತಿದ್ದಳು. ತಿನ್ನುವವರೇ ಕಣ್ಣಿಡಬೇಕು. ಕಣ್ಣಿಟ್ಟ ಮಗು ಆ ಕರಡಿಗೊಂದು ಹೆಸರಿಡುತ್ತಿತ್ತು, ಅದರ ಊರು ಕೇಳುತ್ತಿತ್ತು, ಮಾತಾಡಿಸಿ ಮಾತಾಡಿಸಿ ಆಮೇಲೆ ಕಿವಿಯಿಂದ ಶುರುಮಾಡಿ ತಿನ್ನುತ್ತಿತ್ತು. ಅದನ್ನು ನೋಡುತ್ತಾ ಕೂರುವುದೆಂದರೆ ಅಂಕಮ್ಮನಿಗೆ ಊಟ ಬೇಡ.

ರಾಣಿ ಚುರುಕಿನ ಹೆಂಗಸು, ಪಿಯುಸಿ ಓದಿದವಳು. ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದಳು. ಹಳೇಬೀಡಿನಿಂದ, ಬೇಲೂರಿನಿಂದ ಆರ್ಡರು ಬರತೊಡಗಿದವು. ಅಲ್ಲಿಂದ ಅತ್ತೆ ಸೊಸೆಗೆ ಜಟಾಪಟಿ. ಮಾದಿಹಳ್ಳಿಯ ಮಕ್ಕಳಿಗೆ ಕಟ್ಟು ಗೊತ್ತು, ಪರವೂರಿನವರಿಗೆ ಕಣ್ಣಿಲ್ಲದ ಬೊಂಬೆ ಕಳಿಸಿದರೆ ಏನೆಂದುಕೊಳ್ಳುತ್ತಾರೆ ಎಂದು ರಾಣಿ. ಕಣ್ಣಿಟ್ಟು ಬಸ್ಸಿಗೆ ಹಾಕುವುದಕ್ಕೆ ಅದೇನು ಟೊಮೇಟೊ ಕ್ರೇಟಾ ಎಂದು ಅಂಕಮ್ಮ. ಕಾಳನ್ನು ಪೊಟ್ಟಣ ಕಟ್ಟಿ ಜೊತೆಗೆ ಕಳಿಸಿ, ಫೋನಿನಲ್ಲಿ ವಿವರ ಹೇಳಿ ಹೇಳಿ ರಾಣಿಗೆ ಸಾಕಾಗಿತ್ತು.

ಹೀಗಿರುವಾಗ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಶಶಿಧರ್ ಕಾಯಿ ನೋಡಲು ಮಾದಿಹಳ್ಳಿಗೆ ಬಂದವರು ಜವರಣ್ಣನ ಜಗಲಿಯಲ್ಲಿ ಕೂತು ಕಾಫಿಯ ಜೊತೆ ಎರಡು ಬಿಸ್ಕತ್ತು ತಿಂದರು. ಮೊಟ್ಟೆ ಹಾಕಿದೆಯಾ ಎಂದು ಮೊದಲೇ ಕೇಳಿಕೊಂಡಿದ್ದರು. ಅವರದು ಮಠಕ್ಕೆ ನಡೆದುಕೊಳ್ಳುವ ಶೈವರ ಮನೆ. ಇಲ್ಲವೆಂದ ಮೇಲೆಯೇ ಬಾಯಿಗಿಟ್ಟದ್ದು. ಮಗ ಚೇತನ್‌ಕುಮಾರನಿಗೆ ಏಳು ತುಂಬುತ್ತದೆ, ಮೂವತ್ತು ಮೊಲ ಬೇಕು, ಶಾವಿಗೆ ಕುರಿಗಳನ್ನು ಮನೆಗೇ ಬಂದು ಮಾಡಿಕೊಡಬೇಕು ಎಂದರು.

ಹೊರಡುವ ದಿನ ಡಬ್ಬಿಗೆ ಮೊಲಗಳನ್ನು ಜೋಡಿಸುತ್ತಾ ರಾಣಿ ಖಂಡತುಂಡವಾಗಿ ಹೇಳಿದಳು.

"ಅತ್ತೆ, ದೊಡ್ಡ ಮನೆ ಇದು. ಅಲ್ಲಿ ಒಪ್ಪಿದ್ರೆ ಅರಸೀಕೆರೆ ಪೂರ್ತಿ ನಮ್ದು. ನಿಮ್ಮ ಕಣ್ಣಿನ ಕಟ್ಟಿಂದ ಏನಾದ್ರೂ ಎಡವಟ್ಟಾಯ್ತೋ, ಮುಂದಿನ ಸಲದಿಂದ ಅಚ್ಚು ತರಿಸ್ತೀನಿ. ಕಣ್ಣು ಮೂಗು ಎಲ್ಲ ಅಚ್ಚಲ್ಲೇ ಬತ್ತದೆ. ಆಗ ಬೇಡ ಅನ್ನಂಗಿಲ್ಲ."

ಅಂಕಮ್ಮ ಮೊಲದ ಕಿವಿಗಳ ನಡುವೆ ಕಾಗದ ತೂರಿಸುತ್ತಿದ್ದಳು. ಆಗಲಿ ಎಂದಳು. ಅಚ್ಚು ಬಂದರೆ ತಾನು ಹಿಟ್ಟು ನಾದುವವಳು, ಅಷ್ಟೇ. ಮಗುವಿಗೆ ಬಿಡುವ ಕೆಲಸವೊಂದು ಉಳಿಯುವುದಿಲ್ಲ.

ಶಾವಿಗೆ ಒರಳು ಚೀಲದಲ್ಲಿ, ಡಬ್ಬಿ ಮಡಿಲಲ್ಲಿ. ಹಳೇಬೀಡಿಗೆ ಬಂದು ಅರಸೀಕೆರೆ ಬಸ್ಸು ಹತ್ತಿದರು. ಜಾವಗಲ್ ದಾಟುವವರೆಗೂ ಉಬ್ಬು ಬಂದಾಗಲೆಲ್ಲ ಅಂಕಮ್ಮ ಡಬ್ಬಿಯನ್ನು ಎತ್ತಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸು ಒಳಗೆ ಕೋಳಿಮರಿ ಐತಾ ಎಂದು ಕೇಳಿತು. ಮೊಲ ಐತೆ ಎಂದಳು ಅಂಕಮ್ಮ. ಆ ಹೆಂಗಸು ಸೀರೆ ಮುದುರಿಕೊಂಡು ಅತ್ತ ಸರಿಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಶಶಿಧರರ ಮನೆ. ನಡುಮನೆಯಲ್ಲಿ ಬಲೂನು ಕಟ್ಟುತ್ತಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಅತ್ತೆ ಸೊಸೆ ಹಿತ್ತಲ ಅಡುಗೆಮನೆಗೆ ಹೋಗಿ ಕಡುಬು ಬೇಯಲು ಇಟ್ಟರು. ಕಣ್ಣಿನ ವಿಷಯ ಮನೆಯವರಿಗೆ ಹೇಳಬೇಕೆಂದು ಅಂಕಮ್ಮನಿಗೆ ಹೊಳೆಯಲೇ ಇಲ್ಲ. ತಾನೇ ಜೊತೆಗೆ ಬಂದಿದ್ದೇನಲ್ಲ, ಮಕ್ಕಳು ಸೇರಿದಾಗ ಕಾಳು ಹಂಚಿದರಾಯಿತು ಎಂದುಕೊಂಡಿದ್ದಳು. ಅತ್ತೆ ಹೇಳಿರುತ್ತಾಳೆಂದು ರಾಣಿ ಸುಮ್ಮನಿದ್ದಳು.

ಶಾವಿಗೆಯ ಎರಡನೇ ಒಬ್ಬೆ ಒತ್ತುತ್ತಿದ್ದಾಗ ಕರೆ ಬಂತು. ಶಶಿಧರರ ತಾಯಿ ಕಮಲಾಕ್ಷಮ್ಮನವರು ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದರು. ಹಣೆಯ ವಿಭೂತಿಯ ಕೆಳಗೆ ಹುಬ್ಬು ಗಂಟಾಗಿತ್ತು.

"ಇದೇನಮ್ಮ ಇದು?"

"ಮೊಲ ಅಲ್ವರಾ ಅಮ್ಮೋರೆ."

"ಮೊಲ ಅಂತ ನಂಗೂ ಕಾಣುತ್ತೆ. ಕಣ್ಣೆಲ್ಲಿ?"

ಅಂಕಮ್ಮ ನಕ್ಕಳು. ನಗಬಾರದಿತ್ತು. "ನಾವು ಇಡಲ್ಲ ಅಮ್ಮೋರೆ, ನಿಮ್ಮ ಮಗೀನ ಕೈಲೇ…"

ಮಾತು ಮುಗಿಯಲು ಅವರು ಬಿಡಲಿಲ್ಲ. ದನಿ ಏರಿಸಲೂ ಇಲ್ಲ. "ನಮ್ಮ ಮಗೂಗೆ ಒಂದು ಕಣ್ಣು ಮಂಜು ಅಂತ ಶಾಲೇಲಿ ಆಡ್ಕೊಂಡಿದ್ದು ಸಾಲ್ದಾ? ಹುಟ್ಟಿದ ದಿನ ಮನೆಯೊಳಕ್ಕೆ ಮೂವತ್ತು ಕುರುಡು ಮೊಲ ತಂದಿಟ್ಟಿದೀಯಲ್ಲಮ್ಮ."

ಅಂಕಮ್ಮ ತಲೆಯೆತ್ತಿದಳು. ಕೋಣೆಯ ಪರದೆಯ ಸಂದಿಯಲ್ಲಿ ಹುಡುಗ ಕಂಡ. ಹೊಸ ಅಂಗಿ. ಕನ್ನಡಕ. ಕನ್ನಡಕದ ಹಿಂದೆ ಎಡಗಣ್ಣಿಗೆ ಬಿಳಿಯ ಪಟ್ಟಿ ಅಂಟಿಸಿದ್ದರು. ಮಂಜಾದ ಕಣ್ಣು ದುಡಿಯಲಿ ಎಂದು ಡಾಕ್ಟರು ಚೆನ್ನಾಗಿರುವ ಕಣ್ಣನ್ನು ಆರು ತಿಂಗಳು ಮುಚ್ಚಿರಲು ಹೇಳಿದ್ದರಂತೆ. ಪಟ್ಟಿ ಹಾಕಿಕೊಂಡು ಗೆಳೆಯರ ಎದುರಿಗೆ ಬರುವುದಿಲ್ಲವೆಂದು ಅವನು ಬೆಳಗಿನಿಂದ ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಇದೊಂದನ್ನೂ ಶಶಿಧರ್ ಮಾದಿಹಳ್ಳಿಯಲ್ಲಿ ಹೇಳಿರಲಿಲ್ಲ.

ರಾಣಿ ಓಡಿ ಬಂದಳು. ಐದೇ ನಿಮಿಷ ಕೊಡಿ, ಈಗಲೇ ಎಲ್ಲಕ್ಕೂ ಕಣ್ಣು ಅಂಟಿಸಿಬಿಡುತ್ತೇವೆ ಎಂದು ಗೋಗರೆದು, ಏಲಕ್ಕಿಯ ಪೊಟ್ಟಣವನ್ನೂ ಪಾಕದ ಬಟ್ಟಲನ್ನೂ ಅತ್ತೆಯ ಮುಂದೆ ತಳ್ಳಿದಳು. ಅವಳ ಮುಖದಲ್ಲಿ ನಾನು ಹೇಳಿರಲಿಲ್ಲವಾ ಎಂದು ಬರೆದಿತ್ತು.

ಅಂಕಮ್ಮ ನೆಲಕ್ಕೆ ಕೂತಳು. ಗಿಡ್ಡಮ್ಮ ನೆನಪಾಗಲಿಲ್ಲ, ಗೌರಿ ನೆನಪಾಗಲಿಲ್ಲ. ಪರದೆಯ ಹಿಂದೆ ಒಂದು ಮಗು ನಿಂತಿದೆ, ಅದರ ಅಜ್ಜಿ ನೊಂದುಕೊಂಡಿದ್ದಾರೆ, ಇದಕ್ಕಿಂತ ದೊಡ್ಡದು ಯಾವ ಕಟ್ಟು? ಇಡುವುದೇ ಸರಿ ಅನಿಸಿತು. ಒಂದು ಕಾಳನ್ನು ಪಾಕಕ್ಕೆ ಅದ್ದಿ, ಮೊದಲನೆಯ ಮೊಲವನ್ನು ಅಂಗೈಯಲ್ಲಿ ಎತ್ತಿಕೊಂಡಳು. ಕಾಳು ಹಿಡಿದ ಬೆರಳನ್ನು ಅದರ ಮುಖದ ಹತ್ತಿರಕ್ಕೆ ತಂದಳು.

"ಅದಕ್ಕೂ ಪಟ್ಟಿ ಹಾಕ್ತಾರಾ?"

ಚೇತನ್ ಪರದೆಯಿಂದ ತಲೆಯಷ್ಟನ್ನೇ ಹೊರಗೆ ಹಾಕಿದ್ದ.

ಅಂಕಮ್ಮ ಬೆರಳನ್ನು ಹಿಂದಕ್ಕೆ ತೆಗೆದಳು. "ನಂಗೇನು ಗೊತ್ತಪ್ಪ. ಮೊಲ ನಿಂದು. ಡಾಕ್ಟ್ರೂ ನೀನೇ. ಬಾ, ನೋಡಿ ಹೇಳು."

ಹುಡುಗ ಅಜ್ಜಿಯ ಮುಖ ನೋಡಿದ. ಕಮಲಾಕ್ಷಮ್ಮನವರು ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದರು. ಅವನು ಬಂದು ಮಂಡಿಯೂರಿ, ಮೊಲವನ್ನು ತನ್ನ ಮಂಜುಗಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ಪರೀಕ್ಷೆ ಮಾಡಿದ. ಆಮೇಲೆ ಕಾಳು ಇಸಿದುಕೊಂಡು ಬಲಗಡೆಗೆ ಒಂದು ಕಣ್ಣಿಟ್ಟ. ಜಾಗ ತುಸು ತಪ್ಪಿತು. ಕಿತ್ತು ಮತ್ತೆ ಇಟ್ಟ. ಎಡಗಡೆಗೆ ಬಿಳಿಯದೇನಾದರೂ ಬೇಕು ಎಂದ. ಅಂಕಮ್ಮ ಹಸಿಕಾಯಿಯ ಒಂದು ತೆಳ್ಳನೆಯ ಬಿಲ್ಲೆ ಹೆರೆದು ಕೊಟ್ಟಳು. ಪಾಕ ಸವರಿ ಅಂಟಿಸಿ, ಅಂಗೈ ಚಾಚಿ ದೂರದಿಂದ ನೋಡಿದ.

"ಆರು ತಿಂಗಳು ತೆಗೆಯಂಗಿಲ್ಲ," ಎಂದು ಮೊಲಕ್ಕೆ ತಾಕೀತು ಮಾಡಿದ.

ಅಷ್ಟರಲ್ಲಿ ಅಕ್ಕಪಕ್ಕದ ಮಕ್ಕಳು ಬಾಗಿಲಿಗೆ ಬಂದು ತುಂಬಿದ್ದವು. ಚೇತನ್ ಕೋಣೆಗೆ ಓಡಲಿಲ್ಲ, ಮೊಲ ಬಿಟ್ಟು ಹೋಗಲು ಅವನಿಗೆ ಪುರುಸೊತ್ತಿರಲಿಲ್ಲ. ಮಕ್ಕಳು ಸುತ್ತ ಕೂತವು. ಕಾಳು ಹಂಚಿದ್ದಾಯಿತು. ಆದರೆ ಬರೀ ಕಣ್ಣು ಯಾರಿಗೂ ಬೇಡ, ಎಲ್ಲರ ಮೊಲಕ್ಕೂ ಪಟ್ಟಿಯೇ ಬೇಕು. ಕೆಂಪು ಅಂಗಿಯ ಒಂದು ಪೋರಿ ತನ್ನದಕ್ಕೆ ಎರಡೂ ಕಣ್ಣಿಗೆ ಪಟ್ಟಿ ಹಾಕುವೆನೆಂದು ಹಟ ಹಿಡಿದಳು. ಹಾಗೆಲ್ಲ ಹಾಕುವುದಿಲ್ಲ, ಒಂದು ಕಣ್ಣು ಕೆಲಸ ಮಾಡಬೇಕು, ಅದಕ್ಕೇ ಇನ್ನೊಂದಕ್ಕೆ ರಜ ಎಂದು ಚೇತನ್ ಗತ್ತಿನಿಂದ ಬಿಡಿಸಿ ಹೇಳಿದ. ಅಂಕಮ್ಮ ಕಾಯಿ ಹೆರೆಯುತ್ತಲೇ ಇದ್ದಳು. ಶಾವಿಗೆಯನ್ನು ರಾಣಿಯೊಬ್ಬಳೇ ಒತ್ತಿ ಮುಗಿಸಿದಳು.

ಕಮಲಾಕ್ಷಮ್ಮನವರು ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ಮಕ್ಕಳ ಸಾಲಿನ ಕೊನೆಯಲ್ಲಿ ಕೂತು, ಉಳಿದಿದ್ದ ಒಂದು ಮೊಲವನ್ನು ಎತ್ತಿಕೊಂಡರು. ಕನ್ನಡಕ ಒಳಗೆಲ್ಲೋ ಬಿಟ್ಟು ಬಂದಿದ್ದರು. ಇಟ್ಟ ಕಾಳು ಮೊಲದ ಕೆನ್ನೆಗೆ ಕೂತಿತು.

"ಅಲ್ಲಲ್ಲ ಅಜ್ಜಿ. ಮೇಲೆ. ಇನ್ನೂ ಈ ಕಡೆ," ಎಂದು ಚೇತನ್ ಅವರ ಬೆರಳು ಹಿಡಿದು ಸರಿಸಿದ.

ಹೊರಡುವಾಗ ಅವರು ಅತ್ತೆ ಸೊಸೆಗೆ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ಒಂದೊಂದು ಕೊಬ್ಬರಿ ಗಿಟುಕನ್ನು ಮಡಿಲಿಗೆ ಹಾಕಿದರು. ತಪ್ಪಾಯಿತು ಎನ್ನುವ ಮಾತು ಅವರಿಂದ ಬರಲಿಲ್ಲ. ಅಂಕಮ್ಮ ಅದನ್ನು ಎದುರುನೋಡಿರಲೂ ಇಲ್ಲ. "ಮೊದ್ಲೇ ಒಂದು ಮಾತು ಹೇಳ್ಬಾರ್ದಾಗಿತ್ತೇನಮ್ಮ," ಎಂದಷ್ಟೇ ಅಂದರು. ಅದು ನಿಜವೇ. ಎದುರಿನವರಿಗೆ ಗೊತ್ತಿರುತ್ತದೆ ಎಂದು ನಂಬಿ ಬಾಯಿ ಮುಚ್ಚಿಕೊಂಡಿದ್ದು ತನ್ನದೇ ತಪ್ಪು ಎಂದು ಅಂಕಮ್ಮ ಒಪ್ಪಿಕೊಂಡಳು.

ಬಸ್ಸು ಬಾಣಾವರ ದಾಟಿತು. ರಾಣಿ ಕೇಳಿದಳು, "ಆ ಮಗ ಬರ್ದೆ ಇದ್ದಿದ್ರೆ ಏನ್ಮಾಡ್ತಿದ್ರಿ ಅತ್ತೆ?"

"ಇಟ್ಬಿಡ್ತಿದ್ದೆ ಕಣೇ."

"ಅಷ್ಟೆಲ್ಲ ಜಗಳ ಆಡಿ?"

ಅಂಕಮ್ಮ ಕಿಟಕಿಯ ಕಡೆ ತಿರುಗಿದಳು. ಇಟ್ಟುಬಿಡುತ್ತಿದ್ದಳು, ಸುಳ್ಳಲ್ಲ. ಇಟ್ಟಿದ್ದರೆ ಮೊಲಗಳು ಚೆನ್ನಾಗಿಯೇ ಇರುತ್ತಿದ್ದವು, ಅಜ್ಜಿಗೆ ಸಮಾಧಾನವಾಗುತ್ತಿತ್ತು, ಹುಡುಗ ಮಾತ್ರ ಕೋಣೆಯಲ್ಲೇ ಉಳಿಯುತ್ತಿದ್ದ. ಇಷ್ಟು ವರ್ಷ ತಾನು ಕಟ್ಟನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಕೈ ಸೋತ ಹೊತ್ತಿನಲ್ಲಿ ಅದನ್ನು ಉಳಿಸಿದವನು ಕಟ್ಟೆಂದರೇನೆಂದೇ ಅರಿಯದ ಏಳು ವರ್ಷದ ಪೋರ. ಅದಕ್ಕೆ ಹೆಮ್ಮೆ ಪಡಬೇಕೋ ನಾಚಬೇಕೋ ಅವಳಿಗೆ ತಿಳಿಯಲಿಲ್ಲ. ಅಚ್ಚಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತದಿದ್ದದ್ದೇ ಅಂಕಮ್ಮನನ್ನು ಕೊರೆಯಿತು. ಎಡವಟ್ಟು ಆಗಿದ್ದಂತೂ ಹೌದಲ್ಲ.

ವಾರ ಕಳೆಯಿತು. ಅಂಕಮ್ಮ ಮರಳು ಜರಡಿ ಹಿಡಿದು ದಬರಿಗೆ ಹಾಸುತ್ತಿದ್ದಳು. ರಾಣಿಯ ಫೋನು ಬಡಿದುಕೊಂಡಿತು. ಜಾವಗಲ್ಲಿನಿಂದ ಯಾರೋ ಇಪ್ಪತ್ತು ಕರಡಿ ಕೇಳುತ್ತಿದ್ದರು. ಬೆಣ್ಣೆ, ಬೆಲ್ಲ, ಯಾವ ದಿನ, ಎಷ್ಟು ಹೊತ್ತಿಗೆ ಎಲ್ಲ ಮಾತಾಯಿತು. ನಡುವೆ ಆ ಕಡೆಯವರು ಏನೋ ಕೇಳಿದರು. ರಾಣಿ ಅತ್ತೆಯ ಬೆನ್ನು ನೋಡಿದಳು.

"ಇಲ್ಲ ಕಣ್ರೀ, ಕಣ್ಣು ನಾವಿಡಲ್ಲ," ಎಂದಳು. "ಕಾಳು ಕೊಟ್ಟು ಕಳಿಸ್ತೀನಿ, ನಿಮ್ಮ ಮಗೂ ಕೈಲಿ ಇಡ್ಸಿ. ಅದೆಂಗೆ ಇಟ್ರೂ ತಿದ್ದೋಕೆ ಹೋಗ್ಬೇಡಿ."

ಕೊನೆಯ ಮಾತು ಗಿಡ್ಡಮ್ಮ ಹೇಳಿದ್ದಲ್ಲ, ಅಂಕಮ್ಮ ಹೇಳಿದ್ದೂ ಅಲ್ಲ. ಅಂಕಮ್ಮ ತಿರುಗಿ ನೋಡಲಿಲ್ಲ. ಮರಳನ್ನು ಅಂಗೈಯಿಂದ ಸಮ ಮಾಡಿ, ಬೆಂಕಿಪೊಟ್ಟಣ ತಾ ಎಂದು ಸೊಸೆಗೆ ಕೈ ಚಾಚಿದಳು.