ಮದ್ರಾಸಿಗೆ ಹೋಗಿ ಬಂದ ಹೋಳಿಗೆ

ಹೋದ ವಾರ ಮದ್ರಾಸಿನಿಂದ ನಮ್ಮ ಮನೆಗೆ ಒಂದು ಪಾರ್ಸಲ್ ಬಂತು. ಸುತ್ತಿದ ಸೆಣಬಿನ ದಾರ ಬಿಚ್ಚುವಷ್ಟರಲ್ಲಿ ನನ್ನ ಕೈಮೇಲೆಲ್ಲ ಇರುವೆ. ಮದ್ರಾಸಿನ ಇರುವೆಯೋ, ಗುಂತಕಲ್ಲಿನಲ್ಲಿ ಹತ್ತಿಕೊಂಡದ್ದೋ, ಆ ಶಿವನೇ ಬಲ್ಲ.

ಒಳಗಿದ್ದದ್ದು ಒಂದು ಜಾಕೆಟ್. ನನ್ನ ವಾರಗಿತ್ತಿ ಗೌರಿ ಹೊಲಿದದ್ದು. ಹಡಗು ಹತ್ತಿ ಫಾರಿನ್ನಿಗೆ ಹೋಗಬೇಕಿದ್ದ ಜಾಕೆಟ್! ಕೆಳಗಿನ ಅಂಚಿನ ಮೂಲೆಯಲ್ಲಿ ಅಡಿಕೆ ಹಿಡಿಸುವಷ್ಟು ತೂತು. ಕತ್ತರಿಯ ತೂತಲ್ಲ, ಹಲ್ಲಿನ ತೂತು.

“ಇಲಿ ಹೋಳಿಗಿ ತಿಂದೈತಿ ಅಕ್ಕಾ. ಉಳಿದ ಪುಡಿಗೆ ಇರುವಿ ಬಂದಾವ,” ಅಂದಳು ಗೌರಿ. ಅಷ್ಟೇ ಅಂದು ಅಲ್ಲೇ ನೆಲಕ್ಕೆ ಕೂತಳು.

ಜಾಕೆಟ್ಟಿಗೂ ಹೋಳಿಗೆಗೂ ಎಲ್ಲಿಯ ಸಂಬಂಧ ಅಂತೀರಾ? ಹೇಳುತ್ತೇನೆ. ಅದಕ್ಕೂ ಮೊದಲು ನಮ್ಮ ಸತ್ಯನಾರಾಯಣಪೇಟೆಯ ಓದುಗರಲ್ಲಿ ಒಂದು ಬೇಡಿಕೆ. ದಯವಿಟ್ಟು ಇದನ್ನು ನಮ್ಮ ಅತ್ತೆಯ ಕಿವಿಗೆ ಹಾಕಬೇಡಿ. (ಅವರು ಪೇಪರ್ ಓದುವುದಿಲ್ಲ. ಆದರೆ ನೀವು ಓದಿ ಹೇಳುತ್ತೀರಿ. ಅದೇ ನನ್ನ ಭಯ.)

ಗೌರಿಯ ಗಂಡ, ನನ್ನ ಮೈದುನ ಬಸಣ್ಣ, ನಮ್ಮ ಮನೆಯ ಪಡಸಾಲೆಯಲ್ಲೇ ಹೊಲಿಗೆ ಮಷಿನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾನೆ. ಈಗ ಬಳ್ಳಾರಿಯಲ್ಲಿ ಈ ಕೆಲಸ ಓಣಿ ಓಣಿಗೆ ಹಬ್ಬಿದೆ. ಅಭಿಮಾನಕ್ಕೆ ಹೇಳುವುದಲ್ಲ, ನಮ್ಮ ಊರಿನ ಹೊಲಿಗೆ ಗಟ್ಟಿ. ಇಬ್ಬರು ಹಿಡಿದು ಜಗ್ಗಿದರೂ ಬಿಡುವುದಿಲ್ಲ.

ಆದರೆ ಡಿಸೈನ್? ಅದು ಬೊಂಬಾಯಿಯಿಂದ ಬರುತ್ತದೆ. ಯಾರೋ ಒಂದು ಫಾರಿನ್ ಪ್ಯಾಂಟು ತರುತ್ತಾರೆ. ಬ್ಲೇಡು ಹಿಡಿದು ಅದರ ಹೊಲಿಗೆಯೆಲ್ಲ ಬಿಚ್ಚುವುದು. ಬಿಡಿ ತುಂಡುಗಳಿಗೆ ಇಸ್ತ್ರಿ ಹಾಕುವುದು. ರಟ್ಟಿನ ಮೇಲಿಟ್ಟು ಗೆರೆ ಎಳೆಯುವುದು. ಅದೇ ಅಳತೆಗೆ ರಾಶಿ ಹೊಲಿಯುವುದು. (ನಮ್ಮ ಯಜಮಾನರು ಇದಕ್ಕೆ ಪೋಸ್ಟ್‌ಮಾರ್ಟಂ ಅನ್ನುತ್ತಾರೆ.)

ಒಂದು ಸಲ ಹಾಗೆ ಬಂದ ಪ್ಯಾಂಟಿನ ಹಿಂದಿನ ಜೇಬು ಸೊಟ್ಟಗಿತ್ತು. ಬಿಚ್ಚಲು ಕೂತ ಗೌರಿಯೇ ಅದನ್ನು ಮೊದಲು ನೋಡಿದ್ದು.

“ಇದು ಅವ್ರು ತಪ್ಪಿ ಹೊಲ್ದಿದ್ದು ಇರಬೇಕ್ರಿ. ನಾವು ನೆಟ್ಟಗ ಮಾಡೋಣು.”

“ಫಾರಿನ್ನಿನವ್ರು ತಪ್ಪು ಮಾಡ್ತಾರೇನು? ಸುಮ್ನ ಬಿಚ್ಚು ನೀನು,” ಅಂದ ಬಸಣ್ಣ.

ಆ ಸೀಸನ್ನಿನಲ್ಲಿ ಸಿರುಗುಪ್ಪ ಬಸ್ಸು ಹತ್ತಿದರೆ, ಕಂಬಿ ಹಿಡಿದು ನಿಂತ ಹುಡುಗರ ಹಿಂದೆಲ್ಲ ಅದೇ ಸೊಟ್ಟ ಜೇಬು!

ಉಗಾದಿ ಕಳೆದ ಮೇಲೆ ಮದ್ರಾಸಿನಿಂದ ಒಬ್ಬರು ವ್ಯಾಪಾರಿ ಬಂದರು. ಹೊರದೇಶಗಳಿಗೆ ಬಟ್ಟೆ ಕಳಿಸುವವರು. ತೆಲುಗು, ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಬಸಣ್ಣ ಪ್ಯಾಂಟುಗಳನ್ನು ಒಂದರ ಮೇಲೊಂದು ಹರವಿದ. ಅವರು ಒಳಗೆ ಹೊರಗೆ ತಿರುಗಿಸಿ ನೋಡಿದರು.

“ಹೊಲಿಗೆಗೆ ಹೆಸರಿಡೋ ಹಾಗಿಲ್ಲ. ಆದರೆ ಇದನ್ನೇ ಢಾಕಾದಲ್ಲಿ ಹೊಲಿತಾರೆ, ಕೊಲಂಬೋದಲ್ಲಿ ಹೊಲಿತಾರೆ, ಇನ್ನೂ ಅಗ್ಗಕ್ಕೆ ಕೊಡ್ತಾರೆ. ಪರದೇಶದವನು ಅವರನ್ನ ಬಿಟ್ಟು ಬಳ್ಳಾರಿಗೆ ಯಾಕೆ ಬರಬೇಕು ಹೇಳಿ? ನಿಮ್ಮದು ಅನ್ನೋದು ಏನಿದೆ?”

ಬಸಣ್ಣ ಫ್ಯಾನ್ ನೋಡಿದ. ಫ್ಯಾನ್ ತಿರುಗುತ್ತಿತ್ತು.

ಅವರು ಹೊರಡಲು ಎದ್ದರು. ಎದ್ದವರು ತಾವು ಕೂತಿದ್ದ ಬೆಂಚಿನ ಕಡೆ ತಿರುಗಿ ನಿಂತೇಬಿಟ್ಟರು. ಅದರ ಮೇಲೆ ಹಾಸಿದ್ದು ಗೌರಿಯ ಕೌದಿ. ಅವಳ ತವರು ದೇಶನೂರು. ಅಲ್ಲಿ ಗದ್ದೆ ಕೆಲಸ ಇಲ್ಲದ ದಿನ ಹೆಂಗಸರು ಕಟ್ಟೆಗೆ ಕೂತು ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಇಲ್ಲಿಗೆ ಬಂದ ಮೇಲೆ ಗೌರಿ ಕಸಕ್ಕೆ ಹೋಗುವ ಜೀನ್ಸ್ ತುಂಡುಗಳನ್ನು ಆರಿಸಿಟ್ಟುಕೊಂಡು ಅದರಲ್ಲೇ ಹೊಲಿದಿದ್ದಳು. ಹೊಸ ಬಟ್ಟೆಯ ಕಡುನೀಲಿ, ತೊಳೆದು ಬಿಳಿಚಿದ ನೀಲಿ, ಒಳಮಗ್ಗುಲಿನ ಬೂದುನೀಲಿ. ಮೇಲೆ ನಾಟಿ ಹಚ್ಚಿದ ಗದ್ದೆಯ ಹಾಗೆ ಸಾಲು ಸಾಲಾಗಿ ಬಿಳಿದಾರದ ಹೊಲಿಗೆ.

“ಇದು ಯಾವ ದೇಶದ್ದು?” ಅಂದರು.

“ದೇಶನೂರಿಂದ್ರೀ,” ಅಂದರು ಅಡುಗೆ ಮನೆಯಿಂದ ನಮ್ಮ ಅತ್ತೆ.

ಅವರು ನಕ್ಕರು. ಆಮೇಲೆ ನಗಲಿಲ್ಲ. “ಇದನ್ನೇ ಜಾಕೆಟ್ ಮಾಡಿ ಕಳಿಸಿ. ಹೊರಗಿನ ಪಾರ್ಟಿ ಬಂದಾಗ ತೋರಿಸ್ತೀನಿ. ಇದು ಢಾಕಾದಲ್ಲಿ ಸಿಗೋದಿಲ್ಲ.”

ಅವರು ಹೋದ ಮೇಲೆ ಬಸಣ್ಣನ ಮುಖ ನೋಡಬೇಕಿತ್ತು. “ತ್ಯಾಪಿ ಹಾಕಿದ್ದನ್ನ ರೊಕ್ಕ ಕೊಟ್ಟು ಯಾರ್ ತಗಂತಾರ? ನಮ್ಮಪ್ಪ ಬಡತನಕ್ಕ ಹಾಕ್ಕೊಂಡಿದ್ದ ತ್ಯಾಪಿ ಅಂಗಿ!” ಆದರೂ ಸ್ಯಾಂಪಲ್ ಕೇಳಿದವರಿಗೆ ಇಲ್ಲ ಅನ್ನಲಾದೀತೆ? ಗೌರಿಯ ಕಡೆ ತಿರುಗಿ ನಗುತ್ತಾ ಅಂದ: “ಹೊಲಿ ನೋಡೋಣು. ಆರ್ಡರ್ ಬಂತಂದ್ರ ನೀನ ಮಾಸ್ಟರ್!”

ಈ ಕಸುಬಿನಲ್ಲಿ ಅಳತೆ ಹಾಕಿ ಬಟ್ಟೆ ಕತ್ತರಿಸುವವನು ಮಾಸ್ಟರ್. ಅವನು ಹೇಳಿದಂತೆ ಉಳಿದವರು ಹೊಲಿಯಬೇಕು. ಹೆಂಗಸು ಮಾಸ್ಟರ್ ಆದದ್ದನ್ನು ನಾನಂತೂ ಕಂಡಿಲ್ಲ. ಗೌರಿಯ ಕೆಲಸ, ಬೊಂಬಾಯಿ ಪ್ಯಾಂಟು ಬಂದಾಗ ಬಿಚ್ಚುವುದು, ಹೊಲಿದು ಮುಗಿದ ಪ್ಯಾಂಟಿನ ದಾರದ ತುದಿ ಕತ್ತರಿಸುವುದು. ಬಸಣ್ಣ ತಮಾಷೆಗೆ ಅಂದದ್ದು. ಅವಳು ತಮಾಷೆಗೆ ಕೇಳಿಸಿಕೊಳ್ಳಲಿಲ್ಲ.

ಅವಳು ಹೊಲಿದ ಚೆಂದ ಏನು ಹೇಳಲಿ? ಕೌದಿ ಹಾಸುವುದಕ್ಕೆ, ಹೊದೆಯುವುದಕ್ಕೆ. ಅದಕ್ಕೆ ತೋಳು ಎಲ್ಲಿ, ಕಾಲರ್ ಎಲ್ಲಿ? ಗೌರಿ ಕಡುನೀಲಿಯನ್ನು ಹೆಗಲಿಗಿಟ್ಟು ಕೆಳಗಿಳಿದಂತೆ ಬಣ್ಣ ತಿಳಿಯಾಗಿಸಿದಳು. ಪ್ಯಾಂಟಿನ ಸೊಂಟಪಟ್ಟಿಯನ್ನು ತಿರುವಿ ಕಾಲರ್ ಮಾಡಿದಳು. ತೋಳು ಮೂರು ಸಲ ಬಿಚ್ಚಿ ಹೊಲಿದಳು. ನಾನು ಸೀರೆಯ ಮೇಲೇ ಹಾಕಿಕೊಂಡು ಕನ್ನಡಿ ನೋಡಿದೆ. “ಇನ್ಸ್‌ಪೆಕ್ಟರ್ ಬಂದ್ರು, ದಾರಿ ಬಿಡ್ರಿ,” ಅಂದರು ನಮ್ಮ ಯಜಮಾನರು. (ನಗಬೇಡಿ. ಚೆನ್ನಾಗೇ ಕಾಣುತ್ತಿದ್ದೆ.)

ಅಷ್ಟರಲ್ಲಿ ದೇಶನೂರಿಗೂ ಸುದ್ದಿ ಮುಟ್ಟಿತ್ತು. ಸಿರುಗುಪ್ಪ ಸಂತೆಯಲ್ಲಿ ಸಿಕ್ಕ ಗೌರಿಯ ಚಿಕ್ಕಮ್ಮ, “ಕೌದಿ ಹೊಲಿಯೋ ಹೆಣ್ಮಕ್ಕಳು ಎಲ್ಲಾರೂ ತಯಾರ ಅದೀವಿ. ಯಾವಾಗ ಬರೂಣು, ಮಾಸ್ಟರಮ್ಮಾ?” ಅಂದಳಂತೆ. ಅದನ್ನು ನನಗೆ ಹೇಳುವಾಗ ಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗು ಕಣ್ಣಿನಲ್ಲಿ ಕಾಣುತ್ತಿತ್ತು. ಇಬ್ಬರೂ ಕುರುಗೋಡಿಗೆ ಹೋಗಿ ಬಸವಣ್ಣನಿಗೆ ಕಾಯಿ ಒಡೆಸಿಕೊಂಡು ಬಂದೆವು.

ಇನ್ನು ಹೋಳಿಗೆಯ ವಿಷಯ.

ಕೌದಿ ಹೊಲಿಯುವ ಮನೆಯವರಿಗೆ ಗೊತ್ತು, ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ಕೌದಿಗೂ ಹೊಟ್ಟೆಯಿದೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡದು. ಅದಕ್ಕೇ ಒಂದು ತುಣುಕು ಹೋಳಿಗೆಯನ್ನು ಒಳಗಿಟ್ಟು, ಕುಂಕುಮ ಹಚ್ಚಿ, ಆಮೇಲೆ ಹೊಲಿಗೆ ಮುಗಿಸುವುದು. ಅತ್ತೆ ಶುಕ್ರವಾರ ನೋಡಿ ಹೋಳಿಗೆ ಮಾಡಿದರು.

“ಗೌರೀ, ಮೂಲಿ ಮುಚ್ಚಬ್ಯಾಡ ತಡಿ. ಸಮುದ್ರ ದಾಟೋ ಕೂಸನ್ನ ಉಪವಾಸ ಕಳಿಸ್ತಿಯೇನು?”

“ಇಡ್ರಿ ಅತ್ತಿ, ಆದ್ರ ತುಪ್ಪ ಹಚ್ಚಬ್ಯಾಡ್ರಿ. ಬಟ್ಟಿಗೆ ಕಲಿ ಬೀಳತೈತಿ.”

ನೋಡಿ, ಅಷ್ಟು ಯೋಚನೆ ಮಾಡಿದವಳು! ತುಪ್ಪದ ಕಲೆ ನೆನಪಾಯಿತು, ಇಲಿ ನೆನಪಾಗಲಿಲ್ಲ. ಯಾರಿಗೂ ಆಗಲಿಲ್ಲ. ನಮ್ಮ ಮನೆಯ ಕೌದಿಗಳು ವರ್ಷವಿಡೀ ಮಾಳಿಗೆಯ ಮೇಲೆ ಒಣಗುತ್ತವೆ. ಬಳ್ಳಾರಿ ಬಿಸಿಲಿಗೆ ಒಳಗಿನ ಹೋಳಿಗೆ ಹಪ್ಪಳವಾಗಿ, ಹಪ್ಪಳ ಪುಡಿಯಾಗಿ ಹೋಗುತ್ತದೆ. ಈ ಜಾಕೆಟ್ಟನ್ನು ಮಾತ್ರ ಮೆತ್ತಗಿನ ಹೋಳಿಗೆಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಸಮುದ್ರದ ತೇವದ ಊರಿಗೆ, ಯಾವುದೋ ಗೋಡೌನಿಗೆ ಕಳಿಸಿದೆವು. ಕೈಮುಗಿದು ಕಳಿಸಿದೆವು.

ಕೆಲವು ವಾರಗಳಾದ ಮೇಲೆ ಮೂಲೆಯ ಬಟ್ಟೆ ಅಂಗಡಿಗೆ ಬಸಣ್ಣನಿಗೆ ಮದ್ರಾಸಿನ ವ್ಯಾಪಾರಿಯ ಟ್ರಂಕ್ ಕಾಲ್ ಬಂತು. ನಾನೂ ಅಲ್ಲೇ ಇದ್ದೆ, ರವಿಕೆಯ ಅಸ್ತರ್ ಆರಿಸುತ್ತಾ. ಟ್ರಂಕ್ ಕಾಲ್ ಅಂದರೆ ಕೂಗಾಟ ತಾನೆ? ಆ ಕಡೆಯವರ ದನಿಯೂ ಅಂಗಡಿಗೆಲ್ಲ ಕೇಳುತ್ತಿತ್ತು. ಹೊರದೇಶದ ಪಾರ್ಟಿಯ ಮುಂದೆ ಜಾಕೆಟ್ ಕೊಡವಿದರಂತೆ. ಅಂಚಿನ ತೂತಿನಿಂದ ಗಾಜಿನ ಮೇಜಿನ ಮೇಲೆ ಹೋಳಿಗೆ ಉದುರಿತಂತೆ. ಬಟ್ಟೆಯೊಳಗೆ ತಿಂಡಿ ಯಾಕೆ ಅಂತ ಆ ಪಾರ್ಟಿಯವರು ಕೇಳಿದರಂತೆ.

ಅಂಗಡಿಯಲ್ಲಿದ್ದವರು ಕಿಸಕ್ಕೆಂದರು. ಬಸಣ್ಣನ ಕಿವಿ ಕೆಂಪಾಯಿತು.

ಆದರೆ ಓದುಗರೇ, ಮಾತು ಅಲ್ಲಿಗೆ ಮುಗಿಯಲಿಲ್ಲ. ಆ ಕಡೆಯ ದನಿ ಮತ್ತೆ ಕೂಗಿತು: “ಜಾಕೆಟ್ ಅವರ ಮನಸ್ಸಿಗೆ ಬಂದಿದೆ. ಇನ್ನೊಂದು ಹೊಲಿಸಿ ಕಳಿಸಿ, ತಿಂಡಿ ಹಾಕಬೇಡಿ!” ನನ್ನ ಕಿವಿಯಾರೆ ಕೇಳಿದೆ. ಮನಸ್ಸಿನಲ್ಲೇ ದುರ್ಗಮ್ಮನಿಗೆ ಕೈಮುಗಿದೆ.

ಬಸಣ್ಣ ಏನಂದ ಗೊತ್ತೇ?

“ಬ್ಯಾಡ ಬಿಡ್ರಿ ಸಾರ್. ಅದು ಹೆಣ್ಮಕ್ಕಳ ಆಟ. ವಾಪಸ್ ಹಾಕಿಬಿಡ್ರಿ. ನಾ ಪ್ಯಾಂಟೇ ಕೊಡ್ತೀನಿ.”

ದಾರಿಯಲ್ಲಿ ನಾನು ಬಿಡಲಿಲ್ಲ. “ಇನ್ನೊಂದು ಕಳ್ಸು ಅಂದ್ರಲ್ಲೋ ಬಸಣ್ಣ!”

“ಎಲ್ಲಾರ ಮುಂದ ನಕ್ಕ್ರು ಅತ್ತಿಗಿ. ನಾಳಿ ಬಜಾರದಾಗ ನನಗ ಹೋಳಿಗಿ ಬಸಣ್ಣ ಅಂತ ಹೆಸರಿಡ್ತಾರ.”

“ಇಟ್ರ ಇಟ್ಕೊಳ್ಳಿ ಬಿಡು. ಗೌರಿಗೆ ಏನ್ ಹೇಳ್ತಿ?”

ಅವನು ಬಿರಬಿರನೆ ಮುಂದೆ ನಡೆದ. ಕೆಟ್ಟವನಲ್ಲ ನಮ್ಮ ಬಸಣ್ಣ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಒಂದು ಅಡ್ಡಹೆಸರಿಗೆ ಹೆದರಿದ, ಅಷ್ಟೇ. ಆ ಅಷ್ಟಕ್ಕೇ ಒಂದು ಬಾಗಿಲು ಮುಚ್ಚಿತು. ಮದ್ರಾಸಿನವರು ಮತ್ತೆ ಫೋನ್ ಮಾಡಲಿಲ್ಲ. ಪ್ಯಾಂಟೂ ಕೇಳಲಿಲ್ಲ. ಯಾಕೆ ಕೇಳಬೇಕು? ಅದು ಎಲ್ಲ ಕಡೆ ಸಿಗುತ್ತದೆ.

ಪಾರ್ಸಲ್ ಬಂದ ದಿನ ನಾನು ದೇವರಿಗೆ ವಂದನೆ ಹೇಳಿದ್ದು ಸುಳ್ಳಲ್ಲ. ಜಾಕೆಟ್ ಕಳೆದುಹೋಗದೆ ಬಂತಲ್ಲ. ಇಲಿ ಬೆನ್ನಿನ ಕಡೆ ಬಾಯಿ ಹಾಕಲಿಲ್ಲವಲ್ಲ. ಅತ್ತೆ ಆ ಹೊತ್ತಿಗೆ ಗುಡಿಗೆ ಹೋಗಿದ್ದರಲ್ಲ. ಅವರು ಈಗಲೂ ಓಣಿಯವರ ಮುಂದೆ, “ನಮ್ಮನಿ ಹೋಳಿಗಿ ಹಡಗು ಹತ್ತೈತಿ,” ಅನ್ನುತ್ತಾರೆ. ಅನ್ನಲಿ. ಆ ವಯಸ್ಸಿನಲ್ಲಿ ಅಷ್ಟು ಸುಖವಾದರೂ ಇರಲಿ.

ದೇಶನೂರಿನವರಿಗೆ ಮಾತ್ರ ನಿಜ ಹೇಳಲೇಬೇಕಿತ್ತು. ಗೌರಿಯೇ ಹೋಗಿ ಹೇಳಿ ಬಂದಳು. “ಏನಂದ್ರು?” ಅಂದೆ. “ನಾಟಿ ಕೆಲಸ ಹಿಡಿತೀವಿ ಬಿಡು ಅಂದ್ರು,” ಅಂದಳು. ಮಾಸ್ಟರಮ್ಮಾ ಅಂತ ಈ ಸಲ ಯಾರೂ ಕರೆಯಲಿಲ್ಲವೇನೋ. ನಾನು ಕೇಳಲಿಲ್ಲ.

ಮೊನ್ನೆ ಅವಳು ಹಿತ್ತಲ ಮೆಟ್ಟಿಲಿಗೆ ಕೂತು ಆ ತೂತಿಗೆ ತೇಪೆ ಹಾಕುತ್ತಿದ್ದಳು. ಎಂಥ ಕೈ ಅಂತೀರಿ, ತೂತು ಎಲ್ಲಿತ್ತು ಅಂತ ಹುಡುಕಬೇಕು. ಕೊನೆಯ ಹೊಲಿಗೆ ಉಳಿದಿತ್ತು. ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಕ್ಕಾ, ಈಗ ಇಡ್ಲೇನು ಹೋಳಿಗಿ?”

ನಾನು ನಕ್ಕೆ. ಅವಳು ನಗಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಬಸಣ್ಣನ ದನಿ. “ಗೌರೀ, ಬ್ಲೇಡು ತಗೊಂಬಾ. ಬೊಂಬಾಯಿ ಪ್ಯಾಂಟು ಬಂದೈತಿ, ಬಿಚ್ಚಬೇಕು.”

ಗೌರಿ ದಾರ ಹಲ್ಲಿನಿಂದ ಕಡಿದು, ಜಾಕೆಟ್ ಮಡಿಸಿ ನನ್ನ ಮಡಿಲಿಗಿಟ್ಟು ಎದ್ದು ಹೋದಳು.

ಫಾರಿನ್ನಿನವರ ಸೊಟ್ಟ ಜೇಬನ್ನು ಸೀಸನ್ ಪೂರ್ತಿ ಹೊಲಿದ ನಮಗೆ, ನಮ್ಮ ಮನೆಯವಳಿಂದ ಇನ್ನೊಂದು ಜಾಕೆಟ್ ಹೊಲಿಸುವುದು ಅಷ್ಟು ಭಾರವಾಯಿತೇ?